ಅವರು ಬೀದಿಗೆ ಬಂದದ್ದು ಯಾಕೆ?



ಕಳೆದ ತಿಂಗಳು ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೊಮ್ಮಗನ ಮೊಬೈಲಿನಲ್ಲಿ ಒಂದು ಚಿತ್ರ ನೋಡುತ್ತಿದ್ದರು. ಬೆಂಗಳೂರಿನ ರಸ್ತೆ, ಕಾಮನಬಿಲ್ಲಿನ ಬಣ್ಣದ ಉದ್ದನೆಯ ಬಾವುಟ, ತಮಟೆಯ ಮುಂದೆ ಕುಣಿಯುವ ಹುಡುಗ ಹುಡುಗಿಯರು. ಹಿರಿಯರು ಮೊಬೈಲನ್ನು ಪೂಜ್ಯರ ಕಡೆ ಹಿಡಿದು ಕೇಳಿದರು: "ಏನ್ರೀ ಅಪ್ಪಾರ ಇದು? ಗಂಡಸು ಗಂಡಸನ್ನ ಪ್ರೀತಿ ಮಾಡ್ತೀನಿ ಅಂತ ಮೆರವಣಿಗಿ ತಗೀತಾರಂತ. ಇದ್ರ ಇರ್ಲಿ ಬಿಡ್ರಿ, ಮನ್ಯಾಗ ಇರ್ಲಿ. ಬೀದ್ಯಾಗ ಡಂಗುರ ಹೊಡ್ಯೂದು ಯಾಕ ಬೇಕ್ರೀ?"

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಪೂಜ್ಯರು ಮಾತ್ರ ನಗಲಿಲ್ಲ. "ಪ್ರಶ್ನೆ ಛಲೋ ಐತಿ. ಪತ್ರಿಕೆಯವರು ಮುಂದಿನ ಸಂಚಿಕ್ಯಾಗ ಉತ್ತರ ಬರೀಲಿ" ಎಂದು ನಮ್ಮ ಕಡೆ ನೋಡಿದರು. ಮನೆಗೆ ಬಂದ ಮೇಲೆ ಆ ನಗುವೇ ನಮ್ಮನ್ನು ಚುಚ್ಚತೊಡಗಿತು. ಅಷ್ಟು ಜನ ಕುಳಿತಿದ್ದ ಪಂಕ್ತಿಯಲ್ಲಿ, ಬಡಿಸುತ್ತಿದ್ದ ಹುಡುಗರಲ್ಲಿ, ಅಡುಗೆಮನೆಯ ತಾಯಂದಿರ ಮಕ್ಕಳಲ್ಲಿ, ಆ ನಗು ಕೇಳಿ ತಲೆ ತಗ್ಗಿಸಿದವರು ಯಾರೂ ಇರಲಿಲ್ಲವೆಂದು ನಾವು ಎದೆ ಮುಟ್ಟಿ ಹೇಳಬಲ್ಲೆವೆ? ಆದ್ದರಿಂದ ಈ ಸಂಚಿಕೆಯ ಸಂಪಾದಕೀಯವನ್ನು ಆ ಹಿರಿಯರ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ. ಪ್ರಶ್ನೆಯಲ್ಲಿ ದ್ವೇಷವಿರಲಿಲ್ಲ. ದ್ವೇಷವಿಲ್ಲದ ಪ್ರಶ್ನೆಗೆ ನೇರವಾದ ಉತ್ತರ ಸಲ್ಲಬೇಕು.

ಮೊದಲು ಶಬ್ದದ ಮಾತು. ಲಿಂಗ ಎಂದರೆ ಲಿಂಗವಂತರಾದ ನಮಗೆ ಅರಿವಿನ ಕುರುಹು, ಅಂಗೈಯಲ್ಲಿ ಇಟ್ಟುಕೊಂಡು ನೋಡುವ ಚೈತನ್ಯ. ಸಲಿಂಗಿ ಎಂಬ ಮಾತಿನಲ್ಲಿ ಅದೇ ಶಬ್ದ ಗಂಡು ಹೆಣ್ಣೆಂಬ ಭೇದವನ್ನು ಹೇಳುತ್ತದೆ. ಗಂಡಸಿಗೆ ಗಂಡಸಿನ ಮೇಲೆ, ಹೆಂಗಸಿಗೆ ಹೆಂಗಸಿನ ಮೇಲೆ ಒಲವು ಹುಟ್ಟುವುದಕ್ಕೆ ಸಲಿಂಗ ಪ್ರೇಮ ಎನ್ನುತ್ತಾರೆ. ಗಂಡು ದೇಹದಲ್ಲಿ ಹುಟ್ಟಿ ತಾನು ಹೆಣ್ಣೆಂದು, ಇಲ್ಲವೆ ಹೆಣ್ಣು ದೇಹದಲ್ಲಿ ಹುಟ್ಟಿ ತಾನು ಗಂಡೆಂದು ಒಳಗಿನಿಂದ ಅರಿತವರು ಲಿಂಗತ್ವ ಅಲ್ಪಸಂಖ್ಯಾತರು. ಇವೆರಡೂ ಒಂದೇ ಅಲ್ಲ. ನಮ್ಮ ಊರುಗಳಲ್ಲಿ ಎರಡಕ್ಕೂ ಸೇರಿಸಿ ಒಂದೇ ಬೈಗುಳ ಇರುವುದರಿಂದ ಅವರೆಲ್ಲ ಒಂದೇ ಮೆರವಣಿಗೆಯಲ್ಲಿ ನಡೆಯುತ್ತಾರೆ.

ಇದು ರೋಗವೆ? ಅಲ್ಲವೆಂದು ವೈದ್ಯಶಾಸ್ತ್ರ ಹೇಳಿ ಬಹಳ ಕಾಲವಾಯಿತು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದವು. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದೇ ಮಾತನ್ನು ಸ್ಪಷ್ಟವಾಗಿ ಹೇಳಿತು. "ಚಿಕಿತ್ಸೆ ಕೊಟ್ಟು ಬದಲಿಸುತ್ತೇವೆ" ಎನ್ನುವುದು ವೈದ್ಯ ವೃತ್ತಿಗೆ ತಕ್ಕುದಲ್ಲದ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಹಾಗಿದ್ದೂ ಮಗನನ್ನು ಕರೆದುಕೊಂಡು ಅಮಾವಾಸ್ಯೆಗೊಮ್ಮೆ ತಾಯತ ಕಟ್ಟುವವರ ಮನೆ ಮುಂದೆ ನಿಲ್ಲುವ ತಂದೆತಾಯಿ ನಮ್ಮಲ್ಲಿ ಇನ್ನೂ ಇದ್ದಾರೆ. ತಾಯತ, ಯಂತ್ರ, ಅಂತ್ರಗಳನ್ನು ಬಿಡಿಸಲಿಕ್ಕೆಂದೇ ಶರಣರು ಹೆಣಗಿದರೆಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ.

ಇನ್ನು ಬೀದಿಯ ಮಾತು. ಅವರು ತಾವಾಗಿಯೇ ಬೀದಿಗೆ ಬಂದರೆಂದು ನಾವು ತಿಳಿದಿದ್ದೇವೆ. ನಿಜವಾಗಿ ಅವರ ಮನೆಯೊಳಗಿನ ಬದುಕಿಗೆ ಮೊದಲು ಕೈ ಹಾಕಿದ್ದು ಸರಕಾರ. ಬ್ರಿಟಿಷರು 1860ರಲ್ಲಿ ಭಾರತೀಯ ದಂಡ ಸಂಹಿತೆ ಬರೆದಾಗ 377ನೆಯ ಕಲಮು ಸೇರಿಸಿದರು. "ನಿಸರ್ಗಕ್ಕೆ ವಿರುದ್ಧ" ಎಂದು ಅವರಿಗೆ ಕಂಡ ಕೂಡಾಟಕ್ಕೆ ಜೀವಾವಧಿ ಇಲ್ಲವೆ ಹತ್ತು ವರ್ಷದವರೆಗಿನ ಶಿಕ್ಷೆ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೂ ಆ ಕಾನೂನು ಬಂತು. ಬ್ರಿಟಿಷರು ಹೋದರು, ಕಲಮು ಉಳಿಯಿತು. ಇದರಡಿ ಜೈಲಿಗೆ ಹೋದವರಿಗಿಂತ ಇದರ ಹೆಸರಿನಲ್ಲಿ ಹೆದರಿಸಿಕೊಂಡವರೇ ಹೆಚ್ಚು. ಬಸ್‌ಸ್ಟ್ಯಾಂಡಿನಲ್ಲಿ, ಪಾರ್ಕಿನಲ್ಲಿ ಹಿಡಿದು, "ಮನೀಗೆ ಹೇಳ್ಲೇನು?" ಎಂದು ಕೇಳಿ ಕಿಸೆ ಖಾಲಿ ಮಾಡಿಸಿಕೊಳ್ಳುವವರಿಗೆ ಆ ಕಲಮು ಒಳ್ಳೆಯ ಆಯುಧವಾಯಿತು. ಮನೆಗೆ ಹೇಳುತ್ತೇನೆ ಎಂಬ ಬೆದರಿಕೆ ನಡೆಯಬೇಕಾದರೆ ಮುಚ್ಚಿಟ್ಟ ಗುಟ್ಟು ಇರಬೇಕು. ಗುಟ್ಟೇ ಇಲ್ಲದವನನ್ನು ಯಾರೂ ಹೆದರಿಸಲಾರರು. ಹಿರಿಯರ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಹೆದರಿಸುವವನ ಕೈಯಿಂದ ಆಯುಧ ಕಸಿಯಲಿಕ್ಕೆ ಅವರು ಬೀದಿಗೆ ಬಂದರು.

ಅಮೆರಿಕದಲ್ಲಿ ನಡೆದದ್ದೂ ಇದೇ. 1969ರ ಜೂನ್ 28ರಂದು ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬ ಮದ್ಯದಂಗಡಿಯ ಮೇಲೆ ಪೊಲೀಸರು ದಾಳಿ ಮಾಡಿದರು. ಅಂಥ ದಾಳಿಗಳು ಅಲ್ಲಿ ಹೊಸವಲ್ಲ. ಪ್ರತಿ ಸಲ ಮುಖ ಮುಚ್ಚಿಕೊಂಡು ಓಡುತ್ತಿದ್ದವರು ಆ ರಾತ್ರಿ ಓಡಲಿಲ್ಲ. ಮರುವರ್ಷ ಅದೇ ದಿನ ನೆನಪಿಗೆಂದು ಹಗಲಲ್ಲಿ ಮೆರವಣಿಗೆ ನಡೆದರು. ಇಂದು ಲೋಕದ ತುಂಬ ಪ್ರೈಡ್ ಎಂದು ಕರೆಯುವ ನಡಿಗೆಯ ಮೂಲ ಅದು. ಹೊಡೆತ ತಿಂದ ರಾತ್ರಿಯ ನೆನಪಿಗೆ ಹಗಲಲ್ಲಿ ನಡೆದದ್ದು.

ನಮ್ಮ ದೇಶದಲ್ಲಿ 1999ರ ಜುಲೈ 2ರಂದು ಕಲ್ಕತ್ತೆಯಲ್ಲಿ ಬೆರಳೆಣಿಕೆಯ ಜನ ಮೊದಲು ನಡೆದರು. ನಮ್ಮ ರಾಜ್ಯದಲ್ಲಿ ಅದು ಆದದ್ದು 2008ರ ಜೂನ್ ತಿಂಗಳಲ್ಲಿ. ದೆಹಲಿ, ಕಲ್ಕತ್ತೆಗಳ ಜೊತೆಗೆ ಬೆಂಗಳೂರಿನಲ್ಲೂ ಒಂದೇ ದಿನ ನಡಿಗೆ ನಡೆಯಿತು. ಆ ಮೊದಲ ವರ್ಷಗಳಲ್ಲಿ ಎಷ್ಟೋ ಜನ ಮುಖಕ್ಕೆ ಮುಖವಾಡ ಹಾಕಿಕೊಂಡು ನಡೆದರು. ಹೆಮ್ಮೆಯ ಮೆರವಣಿಗೆಗೆ ಮುಖವಾಡವೆ ಎಂದು ನಗಬೇಡಿ. ಮುಖ ಕಂಡರೆ ನೌಕರಿ ಹೋಗುತ್ತದೆ, ಬಾಡಿಗೆ ಮನೆ ಬಿಡಿಸುತ್ತಾರೆ, ಊರಲ್ಲಿ ಅವ್ವ ಅಪ್ಪ ತಲೆ ಎತ್ತಿ ತಿರುಗಲಾರರು ಎಂಬ ಭಯ. ಆ ಭಯ ಇದ್ದರೂ ಮನೆಯಲ್ಲಿ ಕೂರದೆ ಬಂದರಲ್ಲ, ಅದನ್ನು ಯೋಚಿಸಬೇಕು. ವರ್ಷ ಕಳೆದಂತೆ ಮುಖವಾಡಗಳು ಕಡಿಮೆಯಾದವು. ಮುಖವಾಡ ಹಾಕಿ ನಡೆದವನನ್ನು ನೋಡಿ ಇನ್ನೊಬ್ಬ ಬಂದ. ಮುಖವಾಡ ತೆಗೆದವನನ್ನು ನೋಡಿ ಮತ್ತೊಬ್ಬ ತೆಗೆದ. "ನಾನೊಬ್ಬನೇ ಹೀಗೆ" ಎಂದು ಬಾವಿಯ ಕಟ್ಟೆಯ ಮೇಲೆ ಕುಳಿತ ಹುಡುಗನಿಗೆ "ನೀನೊಬ್ಬನೇ ಅಲ್ಲ" ಎಂದು ಹೇಳಲು ಬೀದಿಯನ್ನು ಬಿಟ್ಟರೆ ಬೇರೆ ದಾರಿ ಅವರಿಗಿರಲಿಲ್ಲ. ಇದು ಎರಡನೆಯ ಉತ್ತರ.

ಕಾನೂನಿನ ದಾರಿಯೂ ನೇರವಾಗಿ ಹೋಗಲಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟು ಅವರ ಪರ ತೀರ್ಪಿತ್ತಿತು. 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಅಂದರೆ ನಾಲ್ಕು ವರ್ಷ ಮನುಷ್ಯರಾಗಿದ್ದವರು ಒಂದು ಬೆಳಿಗ್ಗೆ ಮತ್ತೆ ಅಪರಾಧಿಗಳಾದರು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದು ಒಮ್ಮತದಿಂದ ಹೇಳಿತು. ಈ ಜನರಿಗೂ ಅವರ ಮನೆಯವರಿಗೂ ಇತಿಹಾಸ ಕ್ಷಮೆ ಕೇಳಬೇಕಾಗಿದೆ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ ಅದರಲ್ಲಿ ಬರೆದರು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಕೊಡಲು ಒಪ್ಪಲಿಲ್ಲ. ಅದು ಶಾಸನ ಮಾಡುವವರ ಕೆಲಸ ಎಂದಿತು. ಆದುದರಿಂದ ನಡಿಗೆ ಇನ್ನೂ ನಿಂತಿಲ್ಲ.

"ಇದು ಖಾಸಗಿ ವಿಷಯ, ಮನೆಯಲ್ಲಿರಲಿ" ಎನ್ನುತ್ತೇವೆ. ನಮ್ಮ ಪ್ರೀತಿ, ನಮ್ಮ ಸಂಸಾರ ಎಷ್ಟು ಖಾಸಗಿ? ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಮುಂದೆ ಮದುಮಗ ಮದುಮಗಳ ಆಳೆತ್ತರದ ಬ್ಯಾನರ್ ಕಟ್ಟುತ್ತೇವೆ. ನಿಪ್ಪಾಣಿಯಲ್ಲಿ ವರಾತ ಹೊರಟರೆ ಡಾಲ್ಬಿಯ ಸಪ್ಪಳಕ್ಕೆ ಕಿಟಕಿಯ ಗಾಜು ನಡುಗುತ್ತವೆ, ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಲಗ್ನಪತ್ರಿಕೆಯನ್ನು ಊರಿಗೆಲ್ಲ ಹಂಚುತ್ತೇವೆ, ಕುಬುಸದ ಕಾರ್ಯಕ್ಕೆ ಬೀಗರನ್ನೆಲ್ಲ ಕರೆಯುತ್ತೇವೆ. ಲಗ್ನವಾಗಿ ವರ್ಷ ತುಂಬಿದರೆ "ಏನರ ವಿಶೇಷ ಐತೇನು?" ಎಂದು ಸೊಸೆಯನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ಕೇಳುತ್ತೇವೆ. ಗಂಡು ಹೆಣ್ಣಿನ ಪ್ರೀತಿಗಿಂತ ಬಹಿರಂಗವಾದದ್ದು ನಮ್ಮೂರಲ್ಲಿ ಬೇರೆ ಏನಿದೆ? ನಮ್ಮದನ್ನು ಬೀದಿಯಲ್ಲಿ ಮೆರೆಸಿ ಅವರದನ್ನು ಮಾತ್ರ ಒಳಗಿಡಿ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಬೇರೆ: ನೀವು ಇರಬೇಡಿ, ಇದ್ದರೂ ಕಾಣಬೇಡಿ. ವರ್ಷಕ್ಕೊಂದು ದಿನ, ಒಂದೆರಡು ತಾಸು ಅವರು ಕಾಣಿಸಿಕೊಳ್ಳುತ್ತಾರೆ. ಉಳಿದ ದಿನಗಳೆಲ್ಲ ನಮ್ಮವೇ.

ಬೀದಿಗೆ ಬರುವುದೆಂದರೆ ಏನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳ ಆಶೀರ್ವಾದದಿಂದ 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸತೊಡಗಿದರು. ಆಗಲೂ ಮನೆಯಲ್ಲಿ ಪೂಜೆ ಮಾಡಿಕೊಂಡರೆ ಸಾಲದೆ ಎಂದು ಕೇಳಬಹುದಾಗಿತ್ತು. ಸಾಲದು ಎಂದು ಮಂಜಪ್ಪನವರಿಗೆ ಗೊತ್ತಿತ್ತು. ತನ್ನ ಗುರುವಿನ ಹೆಸರನ್ನು ನಾಲ್ಕು ಜನರೆದುರು ಹೇಳಲಾರದ ಸಮಾಜ ತನ್ನನ್ನೇ ಮರೆಯುತ್ತದೆ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಹೆದ್ದಾರಿಯ ಮೇಲೆ ಕುಳಿತರು. ಬೆಲೆಯ ಮಾತನ್ನು ವ್ಯಾಪಾರಿಯ ಪಡಸಾಲೆಯಲ್ಲಿ ಕುಳಿತು ಆಡಬಹುದಿತ್ತಲ್ಲ? ಆಡಿ ಆಡಿ ಸಾಕಾಗಿಯೇ ಅವರು ರಸ್ತೆಗೆ ಬಂದದ್ದು. ಪೊಲೀಸರ ಗುಂಡಿಗೆ ರೈತರು ಬಿದ್ದರು. ಇಂದಿಗೂ ಆ ಸೀಮೆಯಲ್ಲಿ ಅವರನ್ನು ಹುತಾತ್ಮರೆನ್ನುತ್ತಾರೆ. ಇನ್ನು 2017ರ ಮಾತಂತೂ ನಿನ್ನೆ ಮೊನ್ನೆಯದು. ಬೀದರಿನಲ್ಲಿ, ಆಮೇಲೆ ನಮ್ಮ ಬೆಳಗಾವಿಯಲ್ಲಿ, ಲಿಂಗಾಯತ ಸ್ವತಂತ್ರ ಧರ್ಮವೆಂದು ಸಾರಲು ಎಷ್ಟು ಜನ ಸೇರಿದ್ದರು! ಈ ಐದು ತಾಲೂಕುಗಳಿಂದ ಟೆಂಪೋ ಕಟ್ಟಿಕೊಂಡು ಹೋದವರು ಇದನ್ನು ಓದುತ್ತಿರುವವರಲ್ಲೇ ಇದ್ದೀರಿ. "ನಿಮ್ಮ ಧರ್ಮ ನಿಮ್ಮ ಮನೆಯಲ್ಲಿರಲಿ, ಬೀದಿಯಲ್ಲಿ ಯಾಕೆ?" ಎಂದು ಅಂದು ನಮಗೂ ಕೇಳಿದರು. ನಾವು ಕೊಟ್ಟ ಉತ್ತರ ನೆನಪಿದೆಯೆ? "ನಾವು ಯಾರೆಂದು ನಾವೇ ಹೇಳುತ್ತೇವೆ. ನಮ್ಮ ಹೆಸರನ್ನು ಬೇರೆಯವರು ಇಡುವುದು ಬೇಡ." ಬೆಂಗಳೂರಿನ ಪುರಭವನದ ಮೆಟ್ಟಿಲ ಮೇಲೆ ನಿಂತು ಆ ಮಕ್ಕಳು ಹೇಳುವುದು ಇದೇ ಮಾತನ್ನು.

ಆದರೆ ಹೆಮ್ಮೆ ಯಾಕೆ ಎಂದು ಕೇಳುವವರಿದ್ದಾರೆ. ಅಹಂಕಾರವನ್ನು ಅಳಿಯಬೇಕೆಂದವರು ಶರಣರು, ಅವರ ಮಕ್ಕಳಾದ ನಾವು ಹೆಮ್ಮೆಯ ಮೆರವಣಿಗೆಯನ್ನು ಹೇಗೆ ಒಪ್ಪುವುದು? ತೂಕದ ಪ್ರಶ್ನೆ. ಉತ್ತರ ಅನುಭವ ಮಂಟಪದ ಹಾಜರಿ ಪುಸ್ತಕದಲ್ಲಿದೆ ಎನ್ನಬೇಕು. ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯ. ಆ ಕಾಲದ ಊರಲ್ಲಿ ಡೋಹರ, ಸಮಗಾರ ಎಂಬವು ಬೈಗುಳಗಳು. ಕೇಳಿದರೆ ದೂರ ಸರಿಯುವ ಮಾತುಗಳು. ಮಂಟಪಕ್ಕೆ ಬಂದ ಮೇಲೆ ಆ ಹೆಸರನ್ನು ಅವರು ಅಳಿಸಿ ಹಾಕಬಹುದಿತ್ತು. ಒಳ್ಳೆಯದೊಂದು ಹೆಸರು ಇಟ್ಟುಕೊಂಡು ಗುಂಪಿನಲ್ಲಿ ಸೇರಿಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಯಾವ ಹೆಸರಿನಿಂದ ಲೋಕ ಹೀಯಾಳಿಸಿತೋ ಅದನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಕುಳಿತರು. ನಮ್ಮ ಜಿಲ್ಲೆಯ ಕಕ್ಕೇರಿ ಇಂದಿಗೂ ಕಕ್ಕಯ್ಯನವರ ನೆನಪನ್ನು ಹೊತ್ತು ನಿಂತಿದೆ. ಅವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋದವಳು ಸೂಳೆ ಸಂಕವ್ವೆ. ಊರೆಲ್ಲ ಬಾಯಿ ಮುಚ್ಚಿಕೊಂಡು ಆಡುವ ಶಬ್ದವನ್ನು ಹೆಸರಿನಲ್ಲಿ ಹೊತ್ತು ಶರಣೆಯಾಗಿ ವಚನ ಬರೆದಳು. ಇದಕ್ಕೆ ಅಹಂಕಾರ ಎನ್ನೋಣವೆ? ಇನ್ನೊಬ್ಬರನ್ನು ಕೆಳಗಿಟ್ಟು ತಾನು ಮೇಲೇರುವುದು ಅಹಂಕಾರ. ತನ್ನನ್ನು ತುಳಿದ ಕಾಲನ್ನು ಸರಿಸಿ ಎದ್ದು ನಿಲ್ಲುವುದು ಸ್ವಾಭಿಮಾನ. ಪ್ರೈಡ್ ಎಂಬ ಇಂಗ್ಲಿಷ್ ಮಾತಿಗೆ ಈ ಎರಡೂ ಅರ್ಥ ಇರಬಹುದು, ಬೀದಿಯಲ್ಲಿ ನಡೆಯುವವರಿಗೆ ಬೇಕಾದದ್ದು ಎರಡನೆಯದು. ಹುಟ್ಟಿದಾಗಿನಿಂದ ನಾಚಿಕೆಯನ್ನು ಉಣಿಸಿ ಬೆಳೆಸಿದ ಮಗುವಿಗೆ ಆ ನಾಚಿಕೆಯನ್ನು ಇಳಿಸಿಡಲು ಒಂದು ಜಾಗ ಬೇಕು. ಅದು ಅವರ ಮಂಟಪ.

ನಮ್ಮ ಸೀಮೆಯಲ್ಲಿ ಇಂಥವರು ಇಲ್ಲವೇ ಇಲ್ಲ, ಇದು ಪರದೇಶದ ರೂಢಿ ಎಂಬ ಮಾತಿಗೆ ಸವದತ್ತಿಯ ಗುಡ್ಡವೇ ಉತ್ತರ. ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋದವರು, ನಮ್ಮ ಅಥಣಿ ತಾಲೂಕಿನ ಕೊಕಟನೂರ ಎಲ್ಲಮ್ಮನ ಜಾತ್ರೆ ಕಂಡವರು ಜೋಗಪ್ಪಗಳನ್ನು ಬಲ್ಲರು. ಸೀರೆ ಉಟ್ಟು, ಹಣೆಗೆ ಭಂಡಾರ ಬಡಿದುಕೊಂಡು, ಚೌಡಿಕೆಯ ಜೊತೆ ಕೊಡ ಹೊತ್ತು ಕುಣಿಯುತ್ತಾರೆ. ಪರದೇಶದಿಂದ ಬಂದದ್ದು 377ನೆಯ ಕಲಮು. ಈ ಮನುಷ್ಯರು ಇಲ್ಲೇ ಇದ್ದವರು. ಹೆಣ್ಣುಮಗಳ ನಡಿಗೆ, ಹೆಣ್ಣುಮಗಳ ಮಾತು ಇದ್ದ ಮಗನನ್ನು ಏನು ಮಾಡುವುದೆಂದು ತಿಳಿಯದ ಮನೆಯವರು "ಅವ್ವ ಕಾಡ್ಯಾಳ" ಎಂದು ಮುತ್ತು ಕಟ್ಟಿಸಿ ಬಿಟ್ಟರು. ಅದು ಅವರಿಗೆ ಒಂದು ಬಗೆಯ ಜಾಗವಾಯಿತು, ನಿಜ. ಆದರೆ ಎಂಥ ಜಾಗ? ಹುಣ್ಣಿಮೆಯ ದಿನ ಅವರ ಕಾಲಿಗೆ ಬೀಳುತ್ತೇವೆ, ಮರುದಿನ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳುವುದಿಲ್ಲ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಮ್ಮ ಚಳವಳಿ ವಿರೋಧಿಸುತ್ತ ಬಂದಿದೆ, 1982ರ ಕಾನೂನೂ ನಿಷೇಧಿಸಿತು. ಆದರೆ "ದೇವರಿಗೆ ಬಿಡಬೇಡಿ" ಎಂದಷ್ಟೇ ಹೇಳಿದರೆ ಮಾತು ಅರ್ಧವಾಗುತ್ತದೆ. ಬಿಡದಿದ್ದರೆ ಆ ಮಗ ಎಲ್ಲಿರಬೇಕು? ಮನೆಯಲ್ಲಿ, ಶಾಲೆಯಲ್ಲಿ, ಕಾಯಕದಲ್ಲಿ ಎಂಬ ಉಳಿದರ್ಧವನ್ನೂ ನಾವೇ ಹೇಳಬೇಕು.

ಸರಕಾರ ಆ ದಾರಿಯಲ್ಲಿ ಒಂದೆರಡು ಹೆಜ್ಜೆ ಇಟ್ಟಿದೆ. 2014ರಲ್ಲಿ ಸುಪ್ರೀಂ ಕೋರ್ಟು ಲಿಂಗತ್ವ ಅಲ್ಪಸಂಖ್ಯಾತರನ್ನು ಅವರು ಅರಿತಂತೆಯೇ ಗುರುತಿಸಬೇಕೆಂದಿತು. ಅವರಿಗೆ ಸರಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು, 2021ರಲ್ಲಿ. ಬಳ್ಳಾರಿ ಸೀಮೆಯ ಜೋಗತಿ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದರು. ಅಂದು ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ಕಂಡು ನಮ್ಮ ಮನೆಯ ಹೆಣ್ಣುಮಕ್ಕಳೂ ಕಣ್ಣೊರೆಸಿಕೊಂಡರು. ಆದರೆ ಇದೇ ರಾಜ್ಯ 2011ರಲ್ಲಿ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮು ಸೇರಿಸಿ, ಇಂಥವರ ಪಟ್ಟಿ ಮಾಡಿ ಕಣ್ಣಿಡಬಹುದೆಂದು ಬರೆದಿತ್ತು. 1871ರಲ್ಲಿ ಬ್ರಿಟಿಷರು ಮಾಡಿದ್ದ ಪಟ್ಟಿಯ ಕಾನೂನಿನ ಮರಿಮಗು ಅದು. ಹೋರಾಟ ಮಾಡಿ, ಕೋರ್ಟಿಗೆ ಹೋಗಿ ಅವರ ಹೆಸರನ್ನು ಆ ಕಲಮಿನಿಂದ ತೆಗೆಸಬೇಕಾಯಿತು. ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಆ ಪಟ್ಟಿ ಇಂದಿಗೂ ಠಾಣೆಯಲ್ಲಿ ಇರುತ್ತಿತ್ತು.

ಈಗ ಮನಸ್ಸಿಗೆ ಹತ್ತಿರದ ಮಾತು. ಜೋಗಪ್ಪನಿಗೆ ಗುಡ್ಡವಾದರೂ ಇದೆ. ಸೀರೆ ಉಡದ, ಎಲ್ಲ ಗಂಡಸರಂತೆಯೇ ಕಾಣುವ, ಸಕ್ಕರೆ ಕಾರ್ಖಾನೆಯಲ್ಲೋ ಶಾಲೆಯಲ್ಲೋ ದುಡಿಯುವ ಸಲಿಂಗಿ ಮಗನಿಗೆ ನಮ್ಮ ಊರು ಇಟ್ಟಿರುವ ಜಾಗ ಒಂದೇ: ಮದುವೆಯ ಹಂದರ. "ಲಗ್ನಾ ಮಾಡಿದ್ರ ಎಲ್ಲಾ ಸರಿ ಹೋಗತೈತಿ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹೇಳಿಯೂ ಇದ್ದೇವೆ. ಹುಡುಗ ಬಾಯಿ ಬಿಡಲಾರ. ಕನ್ಯಾ ನೋಡುತ್ತಾರೆ, ನಿಶ್ಚಯ ಮಾಡುತ್ತಾರೆ, ಗುರುಗಳ ಸಮ್ಮುಖದಲ್ಲಿ ಅಕ್ಕಿಕಾಳು ಬೀಳುತ್ತವೆ. ಆಮೇಲೆ? ಅವನು ದಿನವೂ ಸುಳ್ಳು ಬದುಕುತ್ತಾನೆ. ರಾಯಬಾಗದಿಂದಲೋ ಕಾಗವಾಡದಿಂದಲೋ ಬಂದ ಆ ಹೆಣ್ಣುಮಗಳು ತನ್ನಲ್ಲೇ ಏನೋ ಐಬಿದೆ ಎಂದುಕೊಂಡು ಕೊರಗುತ್ತಾಳೆ. ಅತ್ತೆಮನೆಯವರು "ಬಂಜಿ" ಎನ್ನುತ್ತಾರೆ. ತವರಿಗೆ ಹೋದರೆ "ಹೊಂದಿಕೊಂಡು ಹೋಗಬೇಕವ್ವಾ" ಎಂದು ತಿರುಗಿ ಕಳಿಸುತ್ತಾರೆ. ಒಂದು ಸತ್ಯವನ್ನು ಮುಚ್ಚಿಡಲು ಎರಡು ಜೀವ, ಎರಡು ಮನೆತನ ಬೆಲೆ ತೆರುತ್ತವೆ. ಬೆಲೆಯ ದೊಡ್ಡ ಪಾಲು ತಪ್ಪೇ ಮಾಡದ ಹೆಣ್ಣುಮಗಳ ತಲೆಗೆ. ಹಾಗೆಯೇ ಹೆಂಗಸನ್ನು ಒಲಿಯುವ ಹೆಣ್ಣುಮಗಳಿಗೆ ಬಾಯಿ ಬಿಡುವ ಅವಕಾಶವೂ ಇಲ್ಲ, ಊರು ಬಿಡುವ ಅವಕಾಶವೂ ಇಲ್ಲ. ಬೀದಿಯ ನಡಿಗೆ ಬೇಡವೆನ್ನುವವರು ಮೊದಲು ಈ ಮನೆಗಳ ಕದ ತೆರೆದು ನೋಡಬೇಕು. ಮುಚ್ಚಿಟ್ಟರೆ ಮರ್ಯಾದೆ ಉಳಿಯುತ್ತದೆ ಎಂಬ ನಂಬಿಕೆ ಎಷ್ಟು ದುಬಾರಿಯೆಂದು ಅಲ್ಲಿ ಗೊತ್ತಾಗುತ್ತದೆ.

ಮೆರವಣಿಗೆಯಲ್ಲಿ ಕೆಲವರ ಉಡುಗೆ, ಕುಣಿತ ನಮ್ಮ ಕಣ್ಣಿಗೆ ಒಗ್ಗುವುದಿಲ್ಲ ಎಂಬುದನ್ನು ಒಪ್ಪುತ್ತೇವೆ. ಒಗ್ಗಲೇಬೇಕೆಂದೂ ಇಲ್ಲ. ಆದರೆ ನಮ್ಮ ಜಾತ್ರೆಯಲ್ಲಿ ಕುಡಿದು ಡಾಲ್ಬಿಯ ಮುಂದೆ ಬೀಳುವವರನ್ನು ನೋಡಿ ಯಾರಾದರೂ ಪಲ್ಲಕ್ಕಿಯನ್ನು ಅಳೆದರೆ ನಮಗೆ ಸಿಟ್ಟು ಬರುತ್ತದೆ. ಅದೇ ಅಳತೆಗೋಲು ಅವರಿಗೂ ಇರಲಿ. ಮಕ್ಕಳು ನೋಡಿ ಕಲಿಯುತ್ತಾರೆ ಎಂಬ ಭಯವೂ ಬೇಡ. ನೋಡಿ ಕಲಿಯುವುದಾಗಿದ್ದರೆ ನಾಯಕ ನಾಯಕಿಯರ ಸಾವಿರ ಸಿನೆಮಾ ನೋಡಿ ಬೆಳೆದ ಇವರೂ ಕಲಿಯಬೇಕಾಗಿತ್ತು. ಮಕ್ಕಳಾಗದ ಬಾಳು ವ್ಯರ್ಥ ಎಂಬ ವಾದವಂತೂ ವಿರಕ್ತ ಮಠದ ಹೊಸ್ತಿಲು ದಾಟಲಾರದು. ಅಥಣಿಯ ಮುರುಘೇಂದ್ರ ಶಿವಯೋಗಿಗಳ ನೆಲದಲ್ಲಿ ನಿಂತು, ವಂಶ ಬೆಳೆಸದವನ ಬದುಕಿಗೆ ಬೆಲೆಯಿಲ್ಲ ಎಂದು ಹೇಳುವ ಬಾಯಿ ಯಾವುದು?

ಶರಣರು ಸಲಿಂಗ ಪ್ರೇಮವನ್ನು ಒಪ್ಪಿದ್ದರೇ ಎಂದು ಕೆಲವರು ಕೇಳಬಹುದು. ಇಂದಿನ ಪ್ರಶ್ನೆಗೆ ಹನ್ನೆರಡನೆಯ ಶತಮಾನದಲ್ಲಿ ಸಿದ್ಧ ಉತ್ತರವಿದೆ ಎಂದು ಹೇಳುವುದು ಶರಣರಿಗೆ ಮಾಡುವ ಅಪಚಾರ. ನಾವು ಹಾಗೆ ಹೇಳುವುದಿಲ್ಲ. ಅವರು ಬಿಟ್ಟುಹೋದ ಅಳತೆಗೋಲು ಮಾತ್ರ ನಮ್ಮ ಕೈಯಲ್ಲಿದೆ. ಗಂಡು ಹೆಣ್ಣೆಂಬುದು ಮೈಮೇಲಿನ ಗುರುತು, ಒಳಗಿನ ಆತ್ಮಕ್ಕೆ ಆ ಭೇದ ತಟ್ಟದು ಎಂದು ಜೇಡರ ದಾಸಿಮಯ್ಯನವರು ಕಂಡರು. ಶರಣ ಸತಿ, ಲಿಂಗ ಪತಿ ಎಂಬ ಭಾವದಲ್ಲಿ ಮೀಸೆ ಹೊತ್ತ ಶರಣರೂ ತಮ್ಮನ್ನು ಸತಿಯೆಂದೇ ಭಾವಿಸಿದರು. ಅದು ಭಕ್ತಿಯ ಮಾತು, ದೇಹದ ಮಾತಲ್ಲ. ಆದರೂ ಹೆಣ್ತನವನ್ನು ಕೀಳೆಂದು ಬಗೆದವರಿಂದ ಅಂಥ ಭಾವ ಹುಟ್ಟುತ್ತಿರಲಿಲ್ಲ. ಬಂದವನನ್ನು ಹೊರಗಿನವನೆನ್ನದೆ ಮನೆಯ ಮಗನೆಂದು ತಬ್ಬಿಕೊಳ್ಳಬೇಕೆಂದು ಬೇಡಿಕೊಂಡವರು ಬಸವಣ್ಣನವರು. ಕಲ್ಯಾಣ ಒಡೆದದ್ದು ಯಾವ ಕಾರಣಕ್ಕೆ? ಹರಳಯ್ಯನವರ ಮಗ, ಮಧುವರಸರ ಮಗಳು ಕೈ ಹಿಡಿದರು. ಅದು ನಿಸರ್ಗಕ್ಕೆ, ಶಾಸ್ತ್ರಕ್ಕೆ ವಿರುದ್ಧ ಎಂದು ಅಂದಿನ ಅರಮನೆ ಹೇಳಿತು. ಎಳೆಹೂಟೆಯ ಶಿಕ್ಷೆ ಕೊಟ್ಟಿತು ಎಂದು ನಮ್ಮ ಪರಂಪರೆ ಹೇಳುತ್ತದೆ. ಯಾರು ಯಾರನ್ನು ಒಲಿಯಬೇಕೆಂದು ಅಪ್ಪಣೆ ಕೊಟ್ಟವರು ಯಾರು, ಆ ಅಪ್ಪಣೆಗೆ ಬಲಿಯಾದವರು ಯಾರು ಎಂಬುದನ್ನು ಮರೆತರೆ ನಾವು ಬಿಜ್ಜಳನ ಅರಮನೆಯವರಾಗುತ್ತೇವೆ, ಮಹಾಮನೆಯವರಾಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಎಲ್ಲರೂ ಬೆಂಗಳೂರಿಗೆ ಹೋಗಿ ನಡೆಯಿರಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಊರಲ್ಲೇ ಮಾಡುವ ಕೆಲಸ ಬೇಕಾದಷ್ಟಿದೆ. ಮಗನೋ ಮಗಳೋ "ನನಗ ಲಗ್ನಾ ಬ್ಯಾಡ" ಎಂದರೆ ಕೈ ಎತ್ತುವ ಮೊದಲು ಕೂಡಿಸಿಕೊಂಡು ಕಾರಣ ಕೇಳಿರಿ. ಹೇಳಿದರೆ ನಂಬಿರಿ. ನಂಬಲು ಕಷ್ಟವಾದರೆ ಸಮಯ ಕೇಳಿರಿ, ಆದರೆ ಮನೆಯಿಂದ ಹೊರಗೆ ಹಾಕಬೇಡಿರಿ. ಗುಣಪಡಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿರಿ. ಮನಸ್ಸು ಕುಗ್ಗಿದವರಿಗೆ ಸರಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಶಾಲೆಯ ಗುರುಗಳು ಹೆಣ್ಣುಮಗಳಂತೆ ನಡೆಯುವ ಹುಡುಗನ ಮೇಲಿನ ನಗೆಚಾಟಿಕೆಯನ್ನು ಮೊದಲ ದಿನವೇ ನಿಲ್ಲಿಸಲಿ. ಲಗ್ನ ನಿಶ್ಚಯಕ್ಕೆ ಬರುವ ಹಿರಿಯರು, ಗುರುಗಳು ಹುಡುಗ ಹುಡುಗಿಯರನ್ನು ಬೇರೆ ಬೇರೆಯಾಗಿ ಕರೆದು "ಇದು ನಿನ್ನ ಮನಸ್ಸಿನಿಂದ ಆಗುತ್ತಿದೆಯೇ?" ಎಂದು ಒಂದು ಮಾತು ಕೇಳುವ ಪದ್ಧತಿ ಹಾಕಲಿ. ಎಷ್ಟೋ ಮನೆಗಳು ಆ ಒಂದು ಮಾತಿನಿಂದ ಉಳಿಯುತ್ತವೆ. ಮನೆಯಿಂದ ಹೊರಬಿದ್ದ ಮಗುವಿಗೆ ಮಠದ ಪ್ರಸಾದ ನಿಲಯದಲ್ಲಿ ಒಂದು ಚಾಪೆ, ಒಂದು ತಾಟು ಇರಲಿ. ಪಂಕ್ತಿಭೇದ ಮಾಡಬಾರದೆಂದು ದಾಸೋಹ ಹುಟ್ಟಿತು. ಒಲವಿನ ಹೆಸರಿನಲ್ಲಿ ಹೊಸದೊಂದು ಪಂಕ್ತಿ ಹಾಕುವುದು ಬೇಡ.

ಪ್ರಶ್ನೆ ಕೇಳಿದ ಹಿರಿಯರಿಗೆ ಕೊನೆಯದಾಗಿ ಒಂದು ಮಾತು. ಅಜ್ಜಾರ, ಅವರು ಮನೆಯಲ್ಲೇ ಇರಲಿ ಎಂದಿರಿ. ಅವರಿಗೆ ಬೇಕಾದದ್ದೂ ಅದೇ. ತಮ್ಮ ಮನೆಯಲ್ಲಿ, ತಮ್ಮ ಅವ್ವ ಅಪ್ಪನ ಎದುರು, ಸುಳ್ಳಾಡದೆ ಕುಳಿತು ಉಣ್ಣುವುದು. ಅಲ್ಲಿ ಜಾಗ ಸಿಗದವರು ಬೀದಿಗೆ ಬಂದಿದ್ದಾರೆ. ನಾವು ಮನೆಯ ಕದ ತೆರೆದ ದಿನ ಅವರ ಮೆರವಣಿಗೆ ನಮ್ಮ ಬಸವ ಜಯಂತಿಯ ಹಾಗೆ ಬರೀ ಸಂತೋಷದ ಮೆರವಣಿಗೆಯಾಗುತ್ತದೆ. ಅಲ್ಲಿಯವರೆಗೆ ಅದು ಕದ ಬಡಿಯುವ ಸಪ್ಪಳ. ಕದ ಬಡಿಯುವವರನ್ನು ಕಂಡು ನಗುವುದು ಶರಣರ ಮನೆಯವರಿಗೆ ತಕ್ಕುದಲ್ಲ. ಅಂದು ಪಂಕ್ತಿಯಲ್ಲಿ ನಕ್ಕ ತಪ್ಪು ನಮ್ಮದೂ ಹೌದು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.